ಲೋಟದಡಿಯ ಬಿಲ್ಲೆ

ಬಿಸಿ ಕಾಫಿಯ ಲೋಟವನ್ನು ನೇರವಾಗಿ ಮೇಜಿನ ಮೇಲಿಟ್ಟರೆ ಪಾಲಿಶಿನಲ್ಲಿ ಬಿಳಿಯ ವೃತ್ತವೊಂದು ಮೂಡಿ, ಗೃಹಿಣಿಯ ಅಜಾಗರೂಕತೆಗೆ ಶಾಶ್ವತ ಸಾಕ್ಷಿಯಾಗಿ ಉಳಿದುಬಿಡುತ್ತದೆಂಬುದು ನಿಮಗೂ ಗೊತ್ತಿರುವ ಸಂಗತಿ. ಅದಕ್ಕೆಂದು ಕೆಲವರ ಮನೆಯಲ್ಲಿ ಕ್ರೋಶೆಯ ಚಕ್ರಗಳಿರುತ್ತವೆ, ಕೆಲವರ ಮನೆಯಲ್ಲಿ ಹಳೆಯ ಮದುವೆ ಪತ್ರಿಕೆಗಳು. ನಮ್ಮ ಮನೆಯಲ್ಲಿರುವುದು ಅಂಗೈಯಗಲದ, ನಡುವೆ ತೂತಿರುವ, ಮೇಣ ಬಳಿದ ಬಿಳಿಯ ಕಾಗದದ ಬಿಲ್ಲೆಗಳು. ಅಂಚಿನ ಸುತ್ತ ಇಪ್ಪತ್ತನಾಲ್ಕು ಗಂಟೆಗಳ ಅಂಕಿಗಳಿವೆ. ಬಂದವರು ಎಲ್ಲಿ ಸಿಕ್ಕಿತೆಂದು ಕೇಳುತ್ತಾರೆ. ಸಕ್ಕರೆ ಸಾಕೇ ಎಂದು ನಾನು ಮಾತು ತಿರುಗಿಸುತ್ತೇನೆ.

ಅವು ನಮ್ಮ ಯಜಮಾನರ ಬನಿಯನ್ ಕಂಪನಿಯ ವ್ಯಾನಿನಲ್ಲಿದ್ದ ಯಂತ್ರವೊಂದರ ಆಹಾರ. ತಿರುಪ್ಪೂರಿನಲ್ಲಿ ಬನಿಯನ್ನಿನ ಜೊತೆಗೆ ವಿದೇಶದ ಮೋಹವೂ ತಯಾರಾಗತೊಡಗಿದ್ದ ಕಾಲ. ಜರ್ಮನಿಯಿಂದ ಬಂದ ಖರೀದಿದಾರನೊಬ್ಬ ತನ್ನ ದೇಶದ ಲಾರಿಗಳಲ್ಲೆಲ್ಲ ಇಂಥದಿದೆಯೆಂದು ಹೊಗಳಿದ್ದೇ ತಡ, ಇವರು ಒಂದನ್ನು ತರಿಸಿ ಸ್ಟಿಯರಿಂಗಿನ ಎದುರು ಕೂರಿಸಿದರು. ಬೆಳಗ್ಗೆ ಬಿಲ್ಲೆ ಹಾಕಿ ಬೀಗ ಹಾಕುವುದು, ಸಂಜೆ ತೆಗೆಯುವುದು. ವ್ಯಾನು ಓಡುವಾಗ ಒಳಗಿನ ಸೂಜಿ ಬಿಳಿಯ ಮೇಣವನ್ನು ಕೆರೆದು, ಅಡಿಯ ಕಪ್ಪು ಕಾಣುವಂತೆ ಗುಡ್ಡಗಳನ್ನು ಗೀರುತ್ತದೆ. ನಿಂತಾಗ ಗೆರೆ ತಳಕ್ಕೆ ಬಿದ್ದು, ಹಲ್ಲು ಕಚ್ಚಿದಂಥ ಗುರುತು ಮೂಡುತ್ತದೆ. ಎಲ್ಲಿ ನಿಂತಿತೆಂದು ಅದು ಹೇಳದು, ಏಕೆ ನಿಂತಿತೆಂದಂತೂ ಹೇಳದು. ಯಾವಾಗ, ಎಷ್ಟು ಹೊತ್ತು ಎಂಬುದನ್ನಷ್ಟೇ ತಿಳಿಸಿ, ಉಳಿದದ್ದನ್ನು ಮಾಲೀಕನ ಕಲ್ಪನಾಶಕ್ತಿಗೆ ಬಿಡುತ್ತದೆ.

ವ್ಯಾನ್ ಓಡಿಸುತ್ತಿದ್ದವರು ರಂಗಣ್ಣ. ಐವತ್ತು ದಾಟಿದವರು, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡುವ ನೇಕಾರರ ಕುಲದವರು. ವೆಳ್ಳಕೋಯಿಲಿನ ಮಿಲ್ಲಿನಿಂದ ದಿನವೂ ನೂಲು ತರುವುದು ಅವರ ಕೆಲಸ. ಹೊರಡುವ ಮುನ್ನ ಅವರ ನೀರಿನ ಕೂಜವನ್ನು ತುಂಬಿಸಿಕೊಡುತ್ತಿದ್ದವಳು ನಾನು.

ಬಿಲ್ಲೆ ಓದುವ ಭಾಗ್ಯವೂ ನನ್ನ ಪಾಲಿಗೇ ಬಂತು. ಕೊಯಮತ್ತೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಸೂತಿಯ ಹೊಲಿಗೆಗಳನ್ನು ಒಂದೊಂದಾಗಿ ಎಣಿಸಲು ಕಲಿಸಿದ್ದರು. ಆ ವಿದ್ಯೆಗೆ ಇಪ್ಪತ್ತು ವರ್ಷಗಳ ಮೇಲೆ ಉದ್ಯೋಗ ಸಿಕ್ಕಿತೆಂದು ಬೀಗಿದೆ. ವೆಳ್ಳಕೋಯಿಲಿಗೆ ಹೋಗಿ ಬರುವಷ್ಟರಲ್ಲಿ ವ್ಯಾನು ಏಳು ಸಲ, ಒಂದೊಂದು ಸಲವೂ ನಾಲ್ಕೈದು ನಿಮಿಷ ನಿಲ್ಲುತ್ತದೆಂದು ಮೊದಲ ವಾರದಲ್ಲೇ ಪತ್ತೆ ಹಚ್ಚಿದೆ. ನೂಲಿನ ಮೂಟೆ ದಾರಿಯಲ್ಲೇ ಹಗುರಾಗುತ್ತಿದೆಯೇನೋ ಎಂದು ಇವರು ಹುಬ್ಬು ಗಂಟಿಕ್ಕಿದರು. ನಾನು ಗುಂಡುಸೂಜಿಯ ಮೊನೆಯಿಂದ ಏಳನ್ನೂ ತೋರಿಸಿಕೊಟ್ಟೆ, ತರಗತಿಗೇ ಮೊದಲು ಬಂದ ಹುಡುಗಿಯ ಹಾಗೆ.

ನಮ್ಮ ಕಂಪನಿಯಲ್ಲಿ ಒಂದು ರೂಢಿಯಿತ್ತು. ವ್ಯವಹಾರವೆಲ್ಲ ತಮಿಳಿನಲ್ಲಿ, ಒಬ್ಬರ ಮಾನ ಉಳಿಸಬೇಕಾದ ಮಾತು ಮಾತ್ರ ಕನ್ನಡದಲ್ಲಿ. ಬೈಗುಳವಿರಲಿ, ಮನೆಯ ಕಷ್ಟವಿರಲಿ, ಕನ್ನಡಕ್ಕೆ ಹೊರಳಿದರೆ ಸಾಕು, ಗೋಡೆಯಿಲ್ಲದ ಕೋಣೆಯೊಂದು ಅಲ್ಲೇ ಎದ್ದು ನಿಲ್ಲುತ್ತಿತ್ತು. ಮರುದಿನ ಬೆಳಗ್ಗೆ, ಬನಿಯನ್ ಮಡಿಸುವ ಹೆಂಗಸರ ಎದುರಿಗೇ, ಇವರು ರಂಗಣ್ಣನನ್ನು ತಮಿಳಿನಲ್ಲಿ ವಿಚಾರಿಸಿದರು. ಮನೆಯಮ್ಮನೇ ಎಣಿಸಿದ್ದಾಳೆ, ಏಳು, ಎಂದೂ ಸೇರಿಸಿದರು. ಕಾಫಿ ತಂದಿದ್ದ ನಾನು ಮೆಟ್ಟಿಲ ಮೇಲೆಯೇ ನಿಂತೆ.

ರಂಗಣ್ಣ ಇವರ ಹತ್ತಿರ ಬಂದು, ದನಿ ತಗ್ಗಿಸಿ, ಕನ್ನಡದಲ್ಲಿ ಹೇಳಿದರು. "ಮೊದಲಾಳಿ, ಒಂದ್ ವರ್ಷ ಆಯ್ತು, ನಂಗೆ ನೀರು ತಡಿಯಕ್ ಆಗಲ್ಲ. ಇಳಿದ್ರೂ ಬೇಗ ಬರಲ್ಲ, ನಿಂತೇ ಇರ್ಬೇಕು. ವಂಡೀಲಿ ಒಂದ್ ಕೋನ್ ನೂಲೂ ಕಮ್ಮಿ ಆಗಿಲ್ಲ."

ಅಲ್ಲಿಗೆ ಬಿಡಬಹುದಿತ್ತು. "ಎಲ್ಲಾರುಕ್ಕುಂ ಕೇಕ್ಕಿರ ಮಾದಿರಿ ಸೊಲ್ಲುಂಗ" ಎಂದರು ಇವರು. ಎಲ್ಲರಿಗೂ ಕೇಳುವ ಹಾಗೆ ಹೇಳಿ, ಎಂದು. ಕೊಂಗುನಾಡಿನವರು ನಾವು, ಬಹುವಚನದ ಮರ್ಯಾದೆ ಮಾತ್ರ ಎಂದೂ ಬಿಟ್ಟವರಲ್ಲ. ರಂಗಣ್ಣ ತಮಿಳಿನಲ್ಲಿ ಹೇಳಿದರು. ಹೆಂಗಸರು ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು. ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಇವರು ಕೆಟ್ಟವರಲ್ಲ, ಡಾಕ್ಟರಿಗೆ ತೋರಿಸಿ ಎಂದೂ ಹೇಳಿದರು. ಬಿಲ್ಲೆ ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಆಮೇಲಿನ ಬಿಲ್ಲೆಗಳು ನಯವಾಗುತ್ತ ಬಂದವು. ಏಳು ಮೂರಾಯಿತು, ಮೂರು ಒಂದಾಯಿತು. ಯಂತ್ರದ ಮಹಿಮೆಗೆ ಇವರು ಹಿಗ್ಗಿದರು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಬೆಳಗ್ಗೆ ತುಂಬಿಸಿಕೊಟ್ಟ ಕೂಜ ಸಂಜೆ ತುಂಬಿಯೇ ಹಿಂತಿರುಗುತ್ತಿತ್ತು. ಚಿತ್ತಿರೆ ತಿಂಗಳ ಬಿಸಿಲು, ಕಾಂಗೇಯದ ಆಚೆ ನೆರಳಿಲ್ಲದ ರಸ್ತೆ.

ಅದರ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾನ್ವೆಂಟಿನಲ್ಲಿ ತರಗತಿಗೊಂದೇ ಮರದ ಹಲಗೆಯಿರುತ್ತಿತ್ತು. ಒಂದಕ್ಕೆಂದು ಹೊರಗೆ ಹೋಗಬೇಕಾದವಳು ಅದನ್ನು ಕೊರಳಿಗೆ ತೂಗಿಕೊಂಡು, ಊರಿಗೆಲ್ಲ ಕಾಣುವಂತೆ ವರಾಂಡ ದಾಟಬೇಕು. ಹೋದ ಹೊತ್ತು, ಬಂದ ಹೊತ್ತು ಸಿಸ್ಟರ್ ಬರೆದಿಡುತ್ತಿದ್ದರು. ಆ ಹಲಗೆಗೆ ಹೆದರಿ ಮೂರು ವರ್ಷ ಬೆಳಗ್ಗೆ ನೀರನ್ನೇ ಕುಡಿಯದೆ ಶಾಲೆಗೆ ಹೋದವಳು ನಾನು. ಶಿಸ್ತಿಗಾಗಿ ಬಹುಮಾನವೂ ಬಂದಿತ್ತು. ಅಷ್ಟು ಬಲ್ಲವಳು, ಹತ್ತು ದಿನ, ತುಂಬಿ ಬಂದ ಕೂಜವನ್ನು ಮಲ್ಲಿಗೆ ಗಿಡಕ್ಕೆ ಸುರಿದು, ಮರುದಿನ ಮತ್ತೆ ತುಂಬಿಸಿಕೊಟ್ಟೆ. ಮನೆಯಲ್ಲಿ ಮಾತು ಬೆಳೆಸದ ಸೌಮ್ಯ ಸ್ವಭಾವ ನನ್ನದೆಂದು ನೆಂಟರೆಲ್ಲ ಹೊಗಳುತ್ತಾರೆ.

ಹನ್ನೊಂದನೆಯ ದಿನ ರಂಗಣ್ಣ ಮಿಲ್ಲಿನ ಗೇಟಿನಲ್ಲೇ ಕಿಬ್ಬೊಟ್ಟೆ ಹಿಡಿದು ಕುಸಿದರು. ಮೂತ್ರ ಪೂರ್ತಿ ಕಟ್ಟಿಕೊಂಡಿತ್ತು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಕೆಲಸ ಉಳಿಯಲಿಲ್ಲ. ತಿಂಗಳ ಮೇಲೆ ಹಿಡಿಕೆಯ ತೂಕುಪಾತ್ರೆಯಲ್ಲಿ ಮಜ್ಜಿಗೆ ಹಿಡಿದು ಅವರ ಮನೆಗೆ ಹೋದೆ. ಕ್ಷಮೆ ಕೇಳಲು ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡಿದ್ದೆ. ಬಾಯಿಂದ ಬಂದದ್ದು ಉಪ್ಪು ಸಾಕೇ ಎಂಬುದಷ್ಟೇ. ಅವರು ಲೋಟವನ್ನು ಒಂದೇ ಉಸಿರಿಗೆ ಬರಿದು ಮಾಡಿ ಮತ್ತೆ ಚಾಚಿದರು.

"ಇನ್ನೂ ಹುಯ್ರಮ್ಮಾ. ಈಗ ಯಾರು ಎಣಿಸ್ತಾರೆ."

ನಗುತ್ತಲೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಹೊಸ ಡ್ರೈವರ್ ಬಂದ ಎರಡೇ ವಾರದಲ್ಲಿ ಯಂತ್ರದ ಸೂಜಿ ಮುರಿಯಿತು. ತಾನಾಗಿಯೇ ಮುರಿಯಿತೆಂದು ಅವನು ಹೇಳಿದ; ನಾನು ಮನಸಾರೆ ನಂಬಿದೆ. ರಿಪೇರಿ ಬಲ್ಲವರು ಈ ಸೀಮೆಯಲ್ಲಿ ಸಿಗದೆ, ಬಿಲ್ಲೆಗಳ ಕಟ್ಟು ಅಡುಗೆಮನೆ ಸೇರಿತು.

ನಿನ್ನೆ ಸಂಜೆ ಇವರ ಕಾಫಿಗೆಂದು ಕಟ್ಟಿನಿಂದ ಎಳೆದದ್ದು ಹೊಸ ಬಿಲ್ಲೆಯಲ್ಲ, ಆ ಮೊದಲ ವಾರದ್ದು. ನೋಡಿಯೂ ಬದಲಾಯಿಸಲಿಲ್ಲ. ಇವರು ಕುಡಿದು ಎದ್ದ ಮೇಲೆ ಲೋಟ ಎತ್ತಿದೆ. ಶಾಖಕ್ಕೆ ಮೇಣ ಕರಗಿ, ಅಡಿಯ ಕಪ್ಪು ಉಂಗುರವಾಗಿ ಮೇಲೆದ್ದಿತ್ತು. ಮೇಜಿಗೆ ಕಲೆ ತಾಗಿರಲಿಲ್ಲ. ವ್ಯಾನು ನಿಂತ ಹಲ್ಲಿನ ಗುರುತುಗಳಲ್ಲಿ ನಾಲ್ಕು ಕಪ್ಪಿನಲ್ಲಿ ಮುಳುಗಿದ್ದವು, ಮೂರು ಉಳಿದಿದ್ದವು. ಎಣಿಸುತ್ತಿದ್ದೇನೆಂದು ನನಗೆ ತಿಳಿದದ್ದು, ಎಣಿಸಿ ಮುಗಿದ ಮೇಲೆ.