ಸ್ವಿಚ್‌ಬೋರ್ಡಿಗೆ ಕಟ್ಟಿದ ನಿಂಬೆಕಾಯಿ

ಗೆಳೆಯರೇ, ಸೋಲಾಪುರದ ನಮ್ಮ ಬಾಡಿಗೆ ಮನೆಯಲ್ಲಿ ಇಂದು ಬೆಳಿಗ್ಗೆ ಸ್ವಿಚ್‌ಬೋರ್ಡ್ ಹೊಗೆಯಾಡಿತು. ಅದರ ಕೆಳಗೇ ನನ್ನ ಮಗಳು ಮಲಗುವುದು. ವೈರ್‌ಮನ್ ಬಿಚ್ಚಿ ನೋಡಿ ಮನೆಯ ಮಾಲೀಕರಿಗೆ ಹೇಳಿದ: "ಶೇಟರ, ಹಳೇ ಅಲ್ಯುಮಿನಿಯಂ ವೈರ್ ಅದಾವ್ರಿ. ಜೋಡಣಿ ಸಡ್ಲಾಗಿ ಕಾಯಾಕತ್ತಾವ. ಎಲ್ಲಾ ಬದಲ್ಸಬೇಕ್ರಿ."

ಸೀರೆ ವ್ಯಾಪಾರಿ ಮಾಲೀಕರು ನಕ್ಕರು. "ನಮ್ಮಪ್ಪ ಹಾಕ್ಸಿದ ವೈರ್ ಅದು, ಅದಕ್ಕೇನ್ ಆಗ್ತೈತಿ. ಮನಿಗಿ ಯಾರದೋ ನಜರ್ ಹತ್ತೇತಿ." ಕೆಟ್ಟ ದೃಷ್ಟಿ ಕಳೆಯಲೆಂದು ಬೋರ್ಡಿಗೇ ನಿಂಬೆಕಾಯಿ, ಮೆಣಸಿನಕಾಯಿ ಕಟ್ಟಿಸಿ ಹೋದರು.

ಸಂಜೆಗೆ ನಿಂಬೆಕಾಯಿಯ ಒಂದು ಮಗ್ಗುಲು ಸುಟ್ಟು ಕರ್ರಗಾಗಿತ್ತು. ಮಾಲೀಕರನ್ನು ಕರೆದು ತೋರಿಸಿದೆ. ಅವರು ಅದಕ್ಕೆ ಕೈಮುಗಿದರು. "ನೋಡ್ರಿ, ನಜರ್ ಎಷ್ಟ್ ಜೋರ್ ಇತ್ತು. ಎಲ್ಲಾ ತಾನ ಎಳಕೊಂಡೈತಿ."

ವೈರಿಂಗ್ ದುರಸ್ತಿ ಮಾಲೀಕರ ಹೊಣೆ ಎಂದು ಬಾಡಿಗೆ ಕರಾರಿನಲ್ಲಿದೆ. ಅವರೇನೂ ಹೊಣೆಗೇಡಿಯಲ್ಲ, ಪ್ರತಿ ಶನಿವಾರ ಹೊಸ ನಿಂಬೆಕಾಯಿ ತಾವೇ ಕಳಿಸುತ್ತಾರಂತೆ.