ಹಿಂದಕ್ಕೆ ಬಾರದ ಸಿಪಾಯಿ

ಬೆಳಕು ಹರಿಯುವ ಹೊತ್ತು. ಮದ್ದೂರಿನ ಸರ್ಕಾರಿ ಬಂಗಲೆಯ ಕಾವಲುಗಾರ ಮುದ್ದಯ್ಯ ಜಗಲಿ ಗುಡಿಸಿ, ಪೊರಕೆ ಮೂಲೆಗಿಟ್ಟು, ಕಲ್ಲಿನ ಮೇಲೆ ಇದ್ದಿಲಿನಿಂದ ಚದುರಂಗದ ಮನೆಗಳನ್ನು ಗೀಚುತ್ತಾನೆ. ಯುದ್ಧದ ದೆಸೆಯಿಂದ ಸೀಮೆಎಣ್ಣೆಗೆ ತತ್ವಾರ; ಪಾಠವೆಲ್ಲ ಬೆಳಗಿನ ಜಾವದಲ್ಲೇ. ಈ ಕಡೆಯ ಸಿಪಾಯಿಗಳು ಹುಣಸೆಬೀಜ, ಆ ಕಡೆಯವು ಅವರೆಕಾಳು. ಗುರು, ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಗೆಳೆಯ ಅಸದುಲ್ಲಾ.

ಪಾಠಕ್ಕೆ ಅವಸರವಿದೆ. ಹಿಂದಿನ ತಿಂಗಳು ಮೈಸೂರಿನಿಂದ ಬಂದಿದ್ದ ಸಾಹೇಬರು ಜೊತೆಯಿಲ್ಲದೆ ಬೇಸತ್ತು, "ಚದುರಂಗ ಬರುತ್ತೇನಯ್ಯಾ?" ಎಂದು ಕೇಳಿದ್ದರು. ಅಧಿಕಾರಿಗಳೆದುರು ಇಲ್ಲವೆನ್ನುವುದು ಮುದ್ದಯ್ಯ ಕಲಿಯದ ವಿದ್ಯೆ. "ಬತ್ತದೆ ಬುದ್ಧಿ" ಎಂದುಬಿಟ್ಟ. ಮೊಟ್ಟೆಯ ವಿಷಯದಲ್ಲಿ ಸುಳ್ಳು ಹೇಳಿದ ಅಡುಗೆಯವನನ್ನು ನಿಂತ ಕಾಲಲ್ಲೇ ಮನೆಗೆ ಕಳಿಸಿದವರು ಇದೇ ಸಾಹೇಬರು. ಇವತ್ತು ಮಧ್ಯಾಹ್ನ ಮತ್ತೆ ಬರುತ್ತಾರೆ.

"ಕಾಲಿಗೆ ಬಿದ್ದು ಬರಾಕಿಲ್ಲ ಅನ್ನಬಾರ್ದಾ?" ಎನ್ನುತ್ತಾಳೆ ಹೆಂಡತಿ ಬೀರಮ್ಮ.

"ಆಗ ಸುಳ್ಳ ಅಂತ ನಾನೇ ಒಪ್ಕಂಡಂಗಾಯ್ತದೆ ಕಣಮ್ಮಿ."

ಕುದುರೆಯ ಡೊಂಕುನಡೆ, ಒಂಟೆಯ ಓರೆನಡೆ ಹೇಗೋ ತಲೆಗೆ ಹತ್ತಿವೆ. ಹತ್ತದಿರುವುದು ಸಿಪಾಯಿ. ಬೀಜವನ್ನು ಮುಂದಿಡುತ್ತಾನೆ, ಎದುರಾಳಿಯನ್ನು ಕಂಡು ಬೆದರಿ ಹಿಂದಕ್ಕೆಳೆಯುತ್ತಾನೆ.

"ಲೇ, ಸಿಪಾಯಿ ಹಿಂದಕ್ಕೆ ಬರಂಗಿಲ್ಲ ಕಣ್ಲಾ! ಎಷ್ಟು ಸಲ ಬಡ್ಕಳ್ಳಿ?" ಎನ್ನುತ್ತಾನೆ ಅಸದುಲ್ಲಾ.

"ದೊಡ್ಡೋರ ಮುಂದ್ಕೋದ್ಮೇಲೆ ಹಿಂದಿಂದಕ್ಕೆ ಬರ್ದೆ ಇನ್ನೇನ್ಲಾ? ಬೆನ್ನು ತೋರ್ಸಕಾಯ್ತದಾ?"

"ಇದು ಬಂಗ್ಲೆ ಅಲ್ಲ, ದಂಡು!"

ಸಾಹೇಬರ ಕೋಣೆಯಿಂದ ಕೈಕಟ್ಟಿಕೊಂಡು ಹಿಂದಡಿಯಿಟ್ಟೇ ಹೊರಬರುವುದು ಇಲ್ಲಿಯ ಪದ್ಧತಿ. ಹೊಸ್ತಿಲು ಎಲ್ಲಿದೆಯೆಂದು ಮುದ್ದಯ್ಯನ ಹಿಮ್ಮಡಿಗೆ ಗೊತ್ತು. ಆ ಅಭ್ಯಾಸ ಈಗ ಬೆರಳಿಗೂ ಇಳಿದಿದೆ.

ಮಧ್ಯಾಹ್ನ ಕಾರು ಬರುತ್ತದೆ. ಊಟವಾದ ಮೇಲೆ ದಂತದ ಕಾಯಿಗಳು ಮೇಜಿಗೇರುತ್ತವೆ. ಸಾಹೇಬರು ಕುರ್ಚಿಯಲ್ಲಿ, ಮುದ್ದಯ್ಯ ನಿಂತೇ. ಸಿಪಾಯಿಯನ್ನು ಎರಡು ಮನೆ ಮುಂದಿಡುತ್ತಾನೆ. ಸಾಹೇಬರು ಕಣ್ಣೆತ್ತುತ್ತಾರೆ. ಮುದ್ದಯ್ಯನ ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಬೆರಳು ಮಾತ್ರ ಕಾಯಿಯನ್ನು ಮುಂದಿನ ಮನೆಯಲ್ಲೇ ಬಿಟ್ಟು ಬರುತ್ತದೆ.

"ಇಟ್ಟೆ ಬುದ್ಧಿ."

ಸಂಜೆ ಅಸದುಲ್ಲಾ ಬೇಲಿಯಾಚೆ ಕಾದು ನಿಂತಿದ್ದಾನೆ. "ಏನಾಯ್ತ್ಲಾ?"

"ಸೋತೆ. ನಾಳೆಗೂ ಬಾ ಅಂದವ್ರೆ." ಮುದ್ದಯ್ಯ ಬೆವರು ಒರೆಸಿಕೊಳ್ಳುತ್ತಾನೆ. "ಎದೆ ಇನ್ನೂ ಡವಡವ ಅಂತದೆ ಕಣ್ಲಾ. ಆದ್ರೂ ಒಂದು ಸಿಪಾಯಿನೂ ಹಿಂದಕ್ಕೆ ಕರೀನಿಲ್ಲ."