ಕೋವಿಯ ಗಾಯ

ನನ್ನ ಮಾತಿಗೆ ಒಬ್ಬ ಕಸುಬುದಾರನ ಒಪ್ಪಿಗೆ ಬೇಕಿತ್ತು. ಅದಕ್ಕಾಗಿಯೇ ಆ ಶನಿವಾರ ಕೋವಿಗಳ ಪ್ರದರ್ಶನಕ್ಕೆ ಹೊರಟೆ. ಕೊಡಗಿನ ನಮ್ಮ ಮನೆಯಲ್ಲಿ ಹಳೆಯ ಕೇಪಿನ ಕೋವಿಯೊಂದಿದೆ. ಊರಿನವರು ಹಳೆಯ ವಸ್ತುಗಳಿಗೆಂದು ಒಂದು ಕೋಣೆ ಸಿದ್ಧಪಡಿಸುತ್ತಿದ್ದು, ಅಕ್ಕ ಅದನ್ನು ಅಲ್ಲಿಗೆ ಕೊಡಲು ಒಪ್ಪಿದ್ದಳು. ಪಕ್ಕದಲ್ಲಿಡುವ ಫಲಕಕ್ಕೆ ನಾಲ್ಕು ಸಾಲು ಬರೆಯುವ ಕೆಲಸ ನನ್ನದು. ಬಣ್ಣದಲ್ಲಿ ಬರೆಯುವವನಿಗೆ ಅದು ಸೋಮವಾರ ತಲುಪಬೇಕಿತ್ತು.

ಆ ಕೋವಿಯ ಮರದ ಹಿಡಿಯಲ್ಲಿ ತಂತಿ ಬಿಗಿದ ಬಿರುಕೊಂದಿದೆ. ನಮ್ಮ ಮನೆಯಲ್ಲಿ ಅದನ್ನು ‘ಗಾಯ’ ಎನ್ನುತ್ತೇವೆ. ಕೈಲ್ ಮುಹೂರ್ತದ ಆಯುಧಪೂಜೆಯಲ್ಲಿ ಮೊದಲ ಗಂಧ ಅದಕ್ಕೇ. ಯುದ್ಧದಲ್ಲಿ ಮುತ್ತಜ್ಜನ ಮೇಲೆ ಬಿದ್ದ ಕತ್ತಿಯೇಟನ್ನು ಕೋವಿ ತಡೆದ ಗುರುತು ಅದು. ಹತ್ತನೆಯ ತರಗತಿಗೆ ಶಾಲೆ ಬಿಟ್ಟ ನಾನು ಗ್ರಂಥಾಲಯದಲ್ಲಿ ಓದಿ ಓದಿ, ಊರಿನ ಸ್ಥಳಪುರಾಣದಿಂದ ಹಿಡಿದು ನೆಂಟರ ವಂಶಾವಳಿಯವರೆಗೆ ಯಾವುದನ್ನೂ ಆಧಾರವಿಲ್ಲದೆ ನಂಬಿದವನಲ್ಲ. ಇದೊಂದಕ್ಕೆ ಮಾತ್ರ ಆಧಾರ ಮರದಲ್ಲೇ ಇತ್ತು.

ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್ ಆಗಿರುವ ಮಗಳು ರಾಚೆಸ್ಟರ್ ಹಿಲ್ಸ್‌ನ ತನ್ನ ಮನೆಯಿಂದ ನನ್ನನ್ನು ಕರೆದೊಯ್ದಳು. ಹೆದ್ದಾರಿಯಿಂದ ಇಳಿಯುವಾಗ ಒಂದೇ ಮಾತು ಹೇಳಿದಳು: “ಅಪ್ಪ, ಅಲ್ಲಿ ಯಾರ ಹತ್ರಾನೂ ಜಗಳ ಆಡ್ಬೇಡಿ.”

ಸಭಾಂಗಣದ ಉದ್ದಕ್ಕೂ ಮೇಜುಗಳು. ಆಳೆತ್ತರದ ಕೋವಿಗಳು, ಮೇಪಲ್ ಮರದಲ್ಲಿ ಹುಲಿಯ ಮೈಯಂಥ ಪಟ್ಟೆ, ಹಿತ್ತಾಳೆಯ ಮುಚ್ಚಳದಲ್ಲಿ ಬಳ್ಳಿಯ ಕೆತ್ತನೆ. ಕೊಲ್ಲುವ ವಸ್ತುವಿಗೆ ಇಷ್ಟೊಂದು ಅಕ್ಕರೆಯೇ ಎಂದು ನಾನು ದಂಗಾದೆ. ಒಂದು ಕೋವಿಯಂತೂ ಅಂಗೈಗಳ ಉಜ್ಜುವಿಕೆಯಿಂದ ಸವೆದು, ಮಸಿ ಹಿಡಿದು, ಎರಡು ಶತಮಾನ ಬಾಳಿದಂತಿತ್ತು. ಮೇಜಿನ ಹಿಂದಿದ್ದ ಬಿಳಿಗಡ್ಡದ ಮುದುಕ, ಅದನ್ನು ಕಳೆದ ಚಳಿಗಾಲದಲ್ಲಿ ತಾನೇ ಮಾಡಿದೆನೆಂದ. ಸವೆತವೂ ಮಸಿಯೂ ಅವನ ಕೈಚಳಕವೇ. ನಾನು ಒಪ್ಪದೆ ವಾದಿಸಿದೆ. ಅವನು ಸಾವಧಾನವಾಗಿ ನಳಿಗೆ ಕಳಚಿ, ಅಡಿಯಲ್ಲಿ ಕೊರೆದಿದ್ದ ಇಸವಿಯನ್ನು ತೋರಿಸಿದ.

ಅವನು ತಿಳಿದವನೆಂದು ಆಗ ಖಚಿತವಾಯಿತು. ಫೋನಿನಲ್ಲಿದ್ದ ನಮ್ಮ ಕೋವಿಯ ಚಿತ್ರಗಳನ್ನು ಅವನ ಮುಂದಿಟ್ಟೆ. ಕತ್ತಿಯೇಟಿನ ಕಥೆಯನ್ನು ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಬಿರುಕನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದ. ಕತ್ತಿ ಮರವನ್ನು ಅಡ್ಡಕ್ಕೆ ಕಡಿಯುತ್ತದೆ, ಇದು ಎಳೆಯ ಗುಂಟ ಸೀಳಿದೆ, ಕೈಜಾರಿ ಬಿದ್ದ ಕೋವಿಗಳೆಲ್ಲ ಸೀಳುವುದು ಇದೇ ಜಾಗದಲ್ಲಿ ಎಂದ. ಆಮೇಲೆ ತಂತಿಯ ತುದಿಗಂಟಿದ್ದ ರಬ್ಬರಿನ ಚೂರಿನ ಮೇಲೆ ಬೆರಳಿಟ್ಟ.

“ಇದು ಕರೆಂಟಿನ ತಂತಿ. ಆ ಯುದ್ಧದ ಹೊತ್ತಿಗೆ ನಿಮ್ಮೂರಿಗೆ ಕರೆಂಟು ಬಂದಿತ್ತೆ?”

ಐವತ್ತು ವರ್ಷ ಪ್ರತಿ ಹಬ್ಬದಲ್ಲೂ ನಾನು ಕಣ್ಣಾರೆ ಕಂಡಿದ್ದ ಚೂರು ಅದು. ಅಲ್ಲಿದ್ದ ಕುರ್ಚಿಯಲ್ಲಿ ಕುಳಿತೆ. ಊರಿನಲ್ಲಿ ಆಗ ಸಂಜೆ. ಅಕ್ಕನಿಗೆ ಫೋನು ಮಾಡಿ, ತಂತಿ ಯಾರು ಕಟ್ಟಿದ್ದೆಂದು ಕೇಳಿದೆ.

“ಅಪ್ಪ. ಅದು ನಮ್ಮ ರೇಡಿಯೋ ತಂತಿ ಕಣೋ,” ಎಂದಳು. “ಗೋಡೆಯಿಂದ ಕೋವಿ ಎಳೆದು ಬೀಳಿಸಿದ್ದು ನೀನೇ, ನಾಲ್ಕು ವರ್ಷದವನಿದ್ದಾಗ. ನಿನ್ನ ಅಳು ನಿಲ್ಲಲಿಲ್ಲ. ‘ಕೋವಿಗೆ ಗಾಯ ಆಗಿದೆ, ಬಾ ಪಟ್ಟಿ ಕಟ್ಟೋಣ’ ಅಂತ ಅಪ್ಪ ನಿನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಕಟ್ಟಿದ್ರು.”

ಹಾಗಾದರೆ ಯುದ್ಧ ಎಲ್ಲಿಂದ ಬಂತು ಎಂದೆ.

“ಅದನ್ನ ಸೇರಿಸಿದ್ದು ನೀನು, ದೊಡ್ಡವನಾದ ಮೇಲೆ. ಅಷ್ಟು ಓದಿದವನು ಹೇಳ್ತಿದಾನೆ ಅಂತ ನಾವೆಲ್ಲ ಸುಮ್ಮನಾದ್ವಿ.”

ಫೋನಿನ ಮಾತು ಕೇಳಿಸಿಕೊಂಡಿದ್ದ ಮಗಳು ನನ್ನ ಮುಖ ನೋಡಿದಳು. “ಈಗ ಯಾರ ಹತ್ರ ಜಗಳ ಆಡ್ತೀರಿ, ಅಪ್ಪ?”

ಕಾರಿನಲ್ಲಿ, ಫಲಕಕ್ಕೆಂದು ಮೊದಲೇ ಬರೆದಿಟ್ಟಿದ್ದ ನಾಲ್ಕು ಸಾಲನ್ನೂ ಹೊಡೆದುಹಾಕಿ ಎರಡು ಸಾಲು ಬರೆದೆ: ಹಿಡಿಯ ಬಿರುಕು ಬೀಳಿಸಿದ್ದರಿಂದ ಆದದ್ದು, ಬೀಳಿಸಿದವನು ಈ ಫಲಕ ಬರೆದವನೇ. ಅಕ್ಕನಿಗೆ ಓದಿ ಹೇಳಿದಾಗ ಅವಳು ನಗಲಿಲ್ಲ. ಕೊಡುವ ಮೊದಲು ಗಾಯಕ್ಕೆ ಗಂಧ ಇಡಬೇಕೋ ಬೇಡವೋ ಎಂದು ಕೇಳಿದಳು. ಇಡು ಎಂದೆ, ಪಟ್ಟಿ ಕಟ್ಟಿದ್ದು ಅಪ್ಪ ತಾನೆ.